ಮಂಡಕ್ಕಿಯ ಬಿಳುಪು, ಹಿಮದ ಮೇಲಿನ ಮಸಿ

(ದಾವಣಗೆರೆಯಲ್ಲಿ ವಿಜ್ಞಾನ ಶಿಕ್ಷಕರು ಮತ್ತು ಪದವಿ ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಈ ಊರಿನಲ್ಲಿ ಹಿಮದ ಬಗ್ಗೆ ಮಾತಾಡುವುದಕ್ಕೆ ಹಿಮಾಲಯದಿಂದ ಶುರು ಮಾಡಬೇಕಿಲ್ಲ, ಮಂಡಕ್ಕಿಯಿಂದ ಶುರು ಮಾಡಬಹುದು. ಒಂದು ಅಂಗೈಯಲ್ಲಿ ಭಟ್ಟಿಗೆ ಹೋಗುವ ಅಕ್ಕಿ ಇಟ್ಟುಕೊಳ್ಳಿ, ಇನ್ನೊಂದರಲ್ಲಿ ಭಟ್ಟಿಯಿಂದ ಈಗಷ್ಟೇ ಬಂದ ಮಂಡಕ್ಕಿ. ಆ ಅಕ್ಕಿ ಬೇಯಿಸಿ ಒಣಗಿಸಿದ ಭತ್ತದ್ದು. ಬೆಳಕಿಗೆ ಹಿಡಿದರೆ ಮಾಸಲು ಗಾಜಿನ ಚೂರಿನ ಹಾಗೆ ಕಾಣುತ್ತದೆ, ಬೆಳಕು ಒಳಗೆ ಹೋಗಿ ಆ ಕಡೆ ಬರುತ್ತದೆ. ಮಂಡಕ್ಕಿ ಹಾಗಲ್ಲ, ಬೆಳ್ಳಗಿದೆ. ಯಾರೂ ಅದಕ್ಕೆ ಸುಣ್ಣ ಬಳಿದಿಲ್ಲ. ಕಾದ ಮರಳಿನಲ್ಲಿ ಕಾಳು ಉಬ್ಬಿದಾಗ ಅದರೊಳಗೆ ಸಾವಿರಾರು ಗಾಳಿಗುಳ್ಳೆಗಳು ಹುಟ್ಟಿಕೊಂಡವು, ಅಷ್ಟೇ. ಪ್ರತಿ ಗುಳ್ಳೆಯ ಗೋಡೆಯಲ್ಲೂ ಬೆಳಕು ಸ್ವಲ್ಪ ಬಾಗುತ್ತದೆ, ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಹೀಗೆ ಅಡ್ಡಾಡಿ ಅಡ್ಡಾಡಿ ಕೊನೆಗೆ ಬಂದ ದಾರಿಯಲ್ಲೇ ಹೊರಗೆ ಬರುತ್ತದೆ. ಎಲ್ಲ ಬಣ್ಣಗಳೂ ಒಂದೇ ಸಮ ಹೊರಬಂದರೆ ನಮ್ಮ ಕಣ್ಣಿಗೆ ಅದು ಬಿಳಿ.

ಕಲ್ಲುಸಕ್ಕರೆಯಲ್ಲೂ ಇದೇ ಕಥೆ. ಹರಳು ಪಾರದರ್ಶಕ, ಒರಳಿಗೆ ಹಾಕಿ ಕುಟ್ಟಿದರೆ ಬಿಳಿ ಪುಡಿ. ನುಣ್ಣಗೆ ಕುಟ್ಟಿದಷ್ಟೂ ಬಿಳುಪು ಹೆಚ್ಚು. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಿಮವೂ ಕುಟ್ಟಿದ ಕಲ್ಲುಸಕ್ಕರೆಯೇ. ಐಸ್ ಫ್ಯಾಕ್ಟರಿಯ ಗಡ್ಡೆ ಪಾರದರ್ಶಕ. ಅದೇ ಗಡ್ಡೆಯನ್ನು ಗೋಲಾ ಮಾಡಲು ಹೆರೆದರೆ ಬಿಳಿ. ಶುದ್ಧ ಮಂಜುಗಡ್ಡೆ ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದು ಅತ್ಯಲ್ಪ. ನೀಲಿ ಬೆಳಕು ಅದರೊಳಗೆ ಹತ್ತಾರು ಮೀಟರ್ ಸಾಗಿದರೂ ಸಾಯುವುದಿಲ್ಲ. ಹಿಮದ ರಾಶಿಯೊಳಗೆ ಹೊಕ್ಕ ಕಿರಣ ಒಂದು ಹರಳಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾಯುತ್ತಾ ನೂರಾರು ಸಲ ದಿಕ್ಕು ಬದಲಿಸಿ ಹೊರಗೆ ಬರುತ್ತದೆ. ಹೊಸದಾಗಿ ಬಿದ್ದ ಹಿಮ ಕಾಣುವ ಬೆಳಕಿನಲ್ಲಿ ನೂರಕ್ಕೆ 97ರಿಂದ 99 ಪಾಲನ್ನು ವಾಪಸ್ ಕಳಿಸುತ್ತದೆ. ಆದರೆ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಮಾತ್ರ ಕಾಣುವ ಬೆಳಕು. ಉಳಿದದ್ದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್). ಅವಗೆಂಪನ್ನು ಮಂಜುಗಡ್ಡೆ ಚೆನ್ನಾಗಿಯೇ ಹೀರುತ್ತದೆ. ಎರಡನ್ನೂ ಸೇರಿಸಿದರೆ ಹೊಸ ಹಿಮದ ಒಟ್ಟು ಪ್ರತಿಫಲನ ನೂರಕ್ಕೆ 80ರಿಂದ 90. ಇದನ್ನೇ ವಿಜ್ಞಾನಿಗಳು ಆಲ್ಬೆಡೊ ಎಂದು ಕರೆದು 0.8, 0.9 ಎಂದು ಬರೆಯುತ್ತಾರೆ. ಹಳೆಯ ಒದ್ದೆ ಹಿಮದ್ದು 0.5ರ ಆಸುಪಾಸು, ಹಿಮನದಿಯ ಬರಿಮೈಯದ್ದು 0.3ರಿಂದ 0.4. ತೆರೆದ ಸಮುದ್ರದ್ದು 0.06 ಮಾತ್ರ.

ಈಗ ಮಸಿಗೆ ಬರೋಣ. ನಮ್ಮ ಹಳೆಯ ಅಡುಗೆಮನೆಗಳ ಜಂತಿಗೆ ಜೋತುಬೀಳುವ ಕರಿ, ಬುಡ್ಡಿ ದೀಪದ ಮೇಲೆ ಹಿಡಿದ ತಟ್ಟೆಗೆ ಹತ್ತುವ ಕಾಡಿಗೆ, ಹಳೆಯ ಡೀಸೆಲ್ ಲಾರಿ ಏರು ಹತ್ತುವಾಗ ಉಗುಳುವ ಕಪ್ಪು, ಎಲ್ಲವೂ ಬಹುಮಟ್ಟಿಗೆ ಒಂದೇ ವಸ್ತು. ಸಾಕಷ್ಟು ಗಾಳಿ ಸಿಗದೆ ಅರೆಬೆಂದ ಇಂಗಾಲ. ಅದರ ಮೂಲಕಣ 20ರಿಂದ 50 ನ್ಯಾನೊಮೀಟರ್ ಅಗಲದ ಗುಂಡು. ಅಂಥ ಗುಂಡುಗಳು ಸರದಂತೆ ಪೋಣಿಸಿಕೊಂಡು, ಆಮೇಲೆ ಮುದುಡಿಕೊಂಡು ಗಾಳಿಯಲ್ಲಿ ತೇಲುತ್ತವೆ. ತಲೆಗೂದಲಿನ ದಪ್ಪ 70 ಮೈಕ್ರಾನ್ (70,000 ನ್ಯಾನೊಮೀಟರ್) ಎಂದುಕೊಂಡರೆ ಅದರ ಅಡ್ಡಕ್ಕೆ ಸಾವಿರಕ್ಕೂ ಹೆಚ್ಚು ಮೂಲಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಒಂದು ಗ್ರಾಂ ಮಸಿಯನ್ನು ಗಾಳಿಯಲ್ಲಿ ಹರಡಿದರೆ ಅದು ಸುಮಾರು ಏಳೂವರೆ ಚದರ ಮೀಟರ್ ಅಗಲದ ಕರಿಪರದೆ ಹೀರುವಷ್ಟು ಬೆಳಕನ್ನು ಹೀರುತ್ತದೆ. ಒಂದು ಸಣ್ಣ ಕೋಣೆಯ ನೆಲ ಮುಚ್ಚುವ ಪರದೆ, ಒಂದು ಗ್ರಾಂನಿಂದ. ಹಿಮದಲ್ಲಿ ಸೇರಿದಾಗ ತೂಕಕ್ಕೆ ತೂಕ ಹೋಲಿಸಿದರೆ ಮಣ್ಣಿನ ದೂಳಿಗಿಂತ ಮಸಿ ಸುಮಾರು 50 ಪಟ್ಟು ಪ್ರಬಲ.

ಎಷ್ಟು ಮಸಿ ಸಾಕು ಎಂಬುದೇ ಈ ವಿಷಯದ ಹುರುಳು. ಹಿಮದಲ್ಲಿ ಮಸಿಯನ್ನು ಪಿಪಿಬಿ ಲೆಕ್ಕದಲ್ಲಿ ಅಳೆಯುತ್ತಾರೆ, ನೂರು ಕೋಟಿಯಲ್ಲಿ ಒಂದು ಪಾಲು. 50 ಪಿಪಿಬಿ ಎಂದರೆ ಒಂದು ಟನ್ ಹಿಮದಲ್ಲಿ 50 ಮಿಲಿಗ್ರಾಂ. ಎಪಿಎಂಸಿ ಯಾರ್ಡಿಗೆ ಮೆಕ್ಕೆಜೋಳ ತರುವ ಹತ್ತು ಟನ್ ಲಾರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಆ ಲಾರಿಯ ತುಂಬ ಹಿಮ ತುಂಬಿ ಅರ್ಧ ಗ್ರಾಂ ಮಸಿಯನ್ನು ಸಮನಾಗಿ ಬೆರೆಸಿದರೆ ಅದು 50 ಪಿಪಿಬಿ. ಕಣ್ಣಿಗೆ ಆ ಹಿಮ ಬೆಳ್ಳಗೇ ಕಾಣುತ್ತದೆ, ಪಕ್ಕದಲ್ಲಿ ಶುದ್ಧ ಹಿಮ ಇಟ್ಟರೂ ವ್ಯತ್ಯಾಸ ಗುರುತಿಸುವುದು ಕಷ್ಟ. ಕಪ್ಪಗೆ ಕಾಣದಿದ್ದರೆ ಮಸಿ ಇಲ್ಲ ಎಂದು ತಿಳಿಯುವುದು ಈ ವಿಷಯದಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು.

ಇಷ್ಟು ಕಡಿಮೆ ಮಸಿಗೆ ಇಷ್ಟು ಬಲ ಬಂದದ್ದು ಹಿಮದ ಬಿಳುಪಿನಿಂದಲೇ. ಚಿತ್ರದುರ್ಗದ ಕಡೆಯ ಎರೆಹೊಲಕ್ಕೆ ಅದೇ ಅರ್ಧ ಗ್ರಾಂ ಎರಚಿ, ಏನೂ ಆಗುವುದಿಲ್ಲ. ಅಲ್ಲಿ ಬೆಳಕು ಒಂದೆರಡು ಸಲ ಮಣ್ಣಿಗೆ ತಾಕುವಷ್ಟರಲ್ಲಿ ಮುಗಿದುಹೋಗುತ್ತದೆ. ಹಿಮದಲ್ಲಿ ಹಾಗಲ್ಲ. ಕಿರಣ ನೂರಾರು ಹರಳುಗಳ ನಡುವೆ ಅಲೆಯುತ್ತದೆ, ಪ್ರತಿ ತಿರುವಿನಲ್ಲೂ ಮಸಿಕಣ ಎದುರಾಗುವ ಸಾಧ್ಯತೆ ಇರುತ್ತದೆ. ಒಂದು ತಿರುವಿನಲ್ಲಿ ತಪ್ಪಿಸಿಕೊಂಡರೆ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಹರಳು ದಪ್ಪ ಇದ್ದರೆ ಬೆಳಕು ಇನ್ನೂ ಆಳಕ್ಕೆ ಇಳಿಯುತ್ತದೆ, ಇನ್ನಷ್ಟು ಮಸಿಯನ್ನು ಹಾದುಹೋಗುತ್ತದೆ. ಆದ್ದರಿಂದ ಹಳೆಯ ದಪ್ಪಹರಳಿನ ಹಿಮದಲ್ಲಿ ಅಷ್ಟೇ ಮಸಿ ಹೆಚ್ಚು ಕೆಡಿಸುತ್ತದೆ. ಈ ಲೆಕ್ಕವನ್ನು ಮೊದಲು ಗಟ್ಟಿಯಾಗಿ ಕಟ್ಟಿದವರು ಸ್ಟೀಫನ್ ವಾರೆನ್ ಮತ್ತು ವಾರೆನ್ ವಿಸ್ಕೋಂಬ್, 1980ರ ಎರಡು ಪ್ರಬಂಧಗಳಲ್ಲಿ. ಮೊದಲನೆಯದು ಶುದ್ಧ ಹಿಮದ ಬಗ್ಗೆ, ಎರಡನೆಯದು ಕಲ್ಮಶ ಬೆರೆತ ಹಿಮದ ಬಗ್ಗೆ. ಅದುವರೆಗೆ ಶುದ್ಧ ಹಿಮದ ಲೆಕ್ಕ ಹಾಕಿದರೆ ಬರುತ್ತಿದ್ದ ಬಿಳುಪಿಗಿಂತ ಹೊರಗೆ ಅಳೆದ ಬಿಳುಪು ಕಡಿಮೆ ಇರುತ್ತಿತ್ತು. ಆ ಕೊರತೆ ಕಾಣುವ ಬೆಳಕಿನಲ್ಲೇ ಇದ್ದದ್ದು ಸುಳಿವು ಕೊಟ್ಟಿತು, ಏಕೆಂದರೆ ಅಲ್ಲಿ ಮಂಜುಗಡ್ಡೆ ತಾನಾಗಿ ಹೀರುವುದಿಲ್ಲ.

ಒಂದು ಲೆಕ್ಕವನ್ನು ಹಲಗೆಯ ಮೇಲೆ ಮಾಡೋಣ. ಕರಗುವ ಹದಕ್ಕೆ ಬಂದಿರುವ ಹಿಮ, ಉಷ್ಣತೆ ಸೊನ್ನೆ ಡಿಗ್ರಿ. ಪ್ರತಿಫಲನ 0.80 ಇದ್ದದ್ದು ಮಸಿಯಿಂದ 0.78ಕ್ಕೆ ಇಳಿಯಿತು ಎನ್ನಿ. ಎರಡು ಪಾಲು ತಾನೇ ಎನಿಸುತ್ತದೆ. ಆದರೆ ಹಿಮವನ್ನು ಕರಗಿಸುವುದು ವಾಪಸ್ ಹೋದ ಬೆಳಕಲ್ಲ, ಒಳಗೆ ಉಳಿದದ್ದು. ಉಳಿಯುತ್ತಿದ್ದದ್ದು ನೂರಕ್ಕೆ 20, ಈಗ 22. ಹತ್ತರಲ್ಲಿ ಒಂದು ಪಾಲು ಜಾಸ್ತಿಯಾಯಿತು. ಚದರ ಮೀಟರಿಗೆ 1,000 ವ್ಯಾಟ್ ಬಿಸಿಲಿದ್ದರೆ ಹೆಚ್ಚುವರಿ 20 ವ್ಯಾಟ್. ದಿನಕ್ಕೆ ಅಂಥ ಪೂರ್ಣ ಬಿಸಿಲು ಐದು ಗಂಟೆಯಷ್ಟು ಎಂದಿಟ್ಟುಕೊಂಡರೆ 3,60,000 ಜೂಲ್. ಒಂದು ಕಿಲೊ ಮಂಜುಗಡ್ಡೆ ಕರಗಲು ಬೇಕಾದದ್ದು 3,34,000 ಜೂಲ್. ಅಂದರೆ ದಿನಕ್ಕೆ ಚದರ ಮೀಟರಿಗೆ ಒಂದು ಲೀಟರಿಗಿಂತ ತುಸು ಹೆಚ್ಚು ನೀರು. ನಮ್ಮ ಅಳತೆಯಲ್ಲಿ ಎಕರೆಗೆ 4,000 ಲೀಟರ್ ದಾಟುತ್ತದೆ, ಹೆಚ್ಚುಕಡಿಮೆ ಒಂದು ಟ್ಯಾಂಕರ್. ದಿನಕ್ಕೊಂದು ಟ್ಯಾಂಕರ್, ಎಕರೆ ಎಕರೆಗೂ, ಬೇಸಿಗೆ ಪೂರ್ತಿ. ಆ ನೀರು ಹೊಸದಾಗಿ ಹುಟ್ಟಿದ್ದಲ್ಲ. ಜೂನಿನಲ್ಲೋ ಜುಲೈನಲ್ಲೋ ಬರಬೇಕಿದ್ದದ್ದು ಏಪ್ರಿಲ್, ಮೇನಲ್ಲೇ ಇಳಿದುಹೋಗುತ್ತದೆ. ಕೆಳಗಿನ ಕಣಿವೆಯ ಬೆಳೆಗೆ ನೀರು ಬೇಕಾದಾಗ ಮೇಲೆ ಉಳಿದಿರುವುದಿಲ್ಲ.

ಇಲ್ಲಿಗೆ ನಿಂತಿದ್ದರೆ ಸಣ್ಣ ಲೆಕ್ಕವಾಗುತ್ತಿತ್ತು. ಮಸಿ ತಾನು ಶುರು ಮಾಡಿದ್ದನ್ನು ಹಿಮದ ಕೈಯಲ್ಲೇ ಮುಂದುವರಿಸುತ್ತದೆ. ಕಲ್ಲುಸಕ್ಕರೆಯನ್ನು ನೆನಪಿಸಿಕೊಳ್ಳಿ ಎಂದೆನಲ್ಲ, ಇಲ್ಲಿಗೇ. ಹೊಸ ಹಿಮದ ಹರಳು 50ರಿಂದ 100 ಮೈಕ್ರಾನ್. ಬೆಚ್ಚಗಾದರೆ ಹರಳುಗಳು ಒಂದಕ್ಕೊಂದು ಬೆಸೆದು ಬೆಳೆಯುತ್ತವೆ, ಕರಗಿ ಹೆಪ್ಪುಗಟ್ಟುತ್ತಾ ಒಂದು ಮಿಲಿಮೀಟರಿಗೂ ಬರುತ್ತವೆ. ಹರಳು ದಪ್ಪವಾದಷ್ಟೂ ಅವಗೆಂಪಿನ ಪ್ರತಿಫಲನ ಕುಸಿಯುತ್ತದೆ. ಮಸಿ ಮುಟ್ಟಿದ್ದು ಕಾಣುವ ಬೆಳಕನ್ನು. ಅದರಿಂದ ಬೆಚ್ಚಗಾದ ಹಿಮ ಅವಗೆಂಪಿನಲ್ಲೂ ಸೋತಿತು. ದಪ್ಪ ಹರಳಿನಲ್ಲಿ ಮಸಿಯ ಬಲ ಮತ್ತೆ ಹೆಚ್ಚಿತು. ಕೊನೆಗೆ ಹಿಮದ ಹೊದಿಕೆ ಎಂದಿಗಿಂತ ಬೇಗ ಮುಗಿದು 0.3ರ ಬರಿ ಮಂಜುಗಡ್ಡೆಯೋ ಇನ್ನೂ ಕಪ್ಪು ನೆಲವೋ ಬಿಸಿಲಿಗೆ ತೆರೆದುಕೊಂಡಿತು. ಜೇಮ್ಸ್ ಹ್ಯಾನ್ಸನ್ ಮತ್ತು ಲಾರಿಸಾ ನಜರೆಂಕೊ 2004ರಲ್ಲಿ ತೋರಿಸಿದ್ದು ಇದನ್ನೇ: ಒಂದು ವ್ಯಾಟ್ ಶಕ್ತಿ ಹಿಮದ ಮೇಲಿನ ಮಸಿಯಿಂದ ಬಂದರೆ, ಇಂಗಾಲದ ಡೈಆಕ್ಸೈಡಿನ ಒಂದು ವ್ಯಾಟಿಗಿಂತ ಸುಮಾರು ಎರಡು ಪಟ್ಟು ಬಿಸಿ ಏರಿಸುತ್ತದೆ.

ಇನ್ನೊಂದು ತೊಡಕಿದೆ. ಹಿಮ ಕರಗಿದಾಗ ನೀರಿನ ಜೊತೆ ಮಸಿಯೂ ತೊಳೆದುಹೋಗಬೇಕಲ್ಲವೇ? ಹೋಗುವುದು ಸ್ವಲ್ಪ ಮಾತ್ರ. ಹೊಸ ಮಸಿ ಎಣ್ಣೆಬಟ್ಟೆಯ ಹಾಗೆ, ನೀರಿಗೆ ಒಗ್ಗುವುದಿಲ್ಲ. ನೀರು ಹರಳುಗಳ ಸಂದಿಯಲ್ಲಿ ಜಾರಿಹೋಗುತ್ತದೆ, ಮಸಿ ಹರಳಿಗೆ ಅಂಟಿಕೊಂಡು ಮೇಲೇ ಉಳಿಯುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬ್ಲೂ ಹಿಮನದಿಯ ಮೇಲೆ ಹೋವರ್ಡ್ ಕಾನ್ವೇ ತಂಡ ಎರಡು ಬಗೆಯ ಮಸಿ ಹಾಕಿ ನೋಡಿ 1996ರಲ್ಲಿ ಪ್ರಕಟಿಸಿತು. ನೀರಿಗೆ ಒಗ್ಗುವ ಮಸಿ ಬೇಗ ಕೆಳಗಿಳಿಯಿತು, ಒಗ್ಗದ ಮಸಿ ಮೇಲ್ಪದರದಲ್ಲೇ ಉಳಿದು ಕರಗುವಿಕೆಯನ್ನು ಮುಂದುವರಿಸಿತು. ಹೀಗಾಗಿ ಚಳಿಗಾಲದಲ್ಲಿ ಒಂದು ಮೀಟರ್ ದಪ್ಪದಲ್ಲಿ ಹರಡಿಕೊಂಡಿದ್ದ ಮಸಿ ಬೇಸಿಗೆಯ ಹೊತ್ತಿಗೆ ಮೇಲಿನ ಕೆಲವೇ ಸೆಂಟಿಮೀಟರಿಗೆ ಬಂದು ಕೂರುತ್ತದೆ, ಅದೂ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಐಸ್ ಮಾರುವವರು ಗಡ್ಡೆಯ ಮೇಲೆ ಮರದ ಹೊಟ್ಟನ್ನೋ ಭತ್ತದ ಹೊಟ್ಟನ್ನೋ ಮುಚ್ಚಿ ಕರಗದಂತೆ ಕಾಯುತ್ತಾರೆ. ಕಪ್ಪು ಕರಗಿಸುವುದಾದರೆ ಕಂದು ಹೊಟ್ಟು ಕಾಯುವುದು ಹೇಗೆ? ದಪ್ಪದಿಂದ. ಹೊಟ್ಟು ಬಿಸಿಲನ್ನು ಹೀರುತ್ತದೆ ನಿಜ, ಆದರೆ ಆ ಬಿಸಿ ಕೆಳಗೆ ಇಳಿಯಲು ಬಿಡುವುದಿಲ್ಲ. ಹಿಮನದಿಯ ಮೇಲೂ ಹೀಗೆಯೇ: ಕಲ್ಲುಮಣ್ಣಿನ ಪದರ ಕೆಲವು ಮಿಲಿಮೀಟರ್ ಇದ್ದರೆ ಕರಗುವಿಕೆ ಏರುತ್ತದೆ, ಕೆಲವು ಸೆಂಟಿಮೀಟರ್ ದಾಟಿದರೆ ಅದೇ ಕಂಬಳಿಯಾಗುತ್ತದೆ. ಮಸಿ ಎಂದೂ ಕಂಬಳಿಯಾಗುವಷ್ಟು ದಪ್ಪ ಬೀಳುವುದಿಲ್ಲ. ಅದೇ ಭತ್ತದ ಹೊಟ್ಟು ಸುಡದೆ ಹಾಗೆಯೇ ಮುಚ್ಚಿದರೆ ಐಸನ್ನು ಕಾಯುತ್ತದೆ, ಹೊಗೆಯಾಡಿಸಿ ಸುಟ್ಟು ಅದರ ಮಸಿ ಬಿದ್ದರೆ ಕರಗಿಸುತ್ತದೆ. ಲಡಾಖಿನ ಝಂಸ್ಕಾರ್ ಕಣಿವೆಯ ರೈತರಿಗೆ ಈ ತೆಳುಪದರದ ಗುಣ ಚೆನ್ನಾಗಿ ಗೊತ್ತು. ಹಿಮ ಬೀಳುವ ಮೊದಲೇ ಒಣಮಣ್ಣು ಕೂಡಿಟ್ಟು, ವಸಂತದಲ್ಲಿ ಹೊಲದ ಹಿಮದ ಮೇಲೆ ತೆಳ್ಳಗೆ ಎರಚುತ್ತಾರೆ. ಹಿಮ ಬೇಗ ಕರಗಿ ಬಿತ್ತನೆಗೆ ದಿನಗಳು ಉಳಿಯುತ್ತವೆ. ಅಲ್ಲಿ ಬೆಳೆಯ ಕಾಲವೇ ಗಿಡ್ಡ, ಒಂದೊಂದು ವಾರಕ್ಕೂ ಬೆಲೆಯಿದೆ.

ಶಿಕ್ಷಕರಿಗೆ ಒಂದು ಪ್ರಯೋಗ ಹೇಳುತ್ತೇನೆ, ಅಳತೆ ಸಹಿತ ಬರೆದುಕೊಳ್ಳಿ. ಒಂದೇ ಅಳತೆಯ ಮೂರು ದುಂಡು ಡಬ್ಬಿ ಬೇಕು, ಸುಮಾರು 15 ಸೆಂಟಿಮೀಟರ್ ಅಗಲ, 15 ಎತ್ತರ, ಒಳಗೆ ಬಿಳಿ. ತಳದಲ್ಲಿ ತೂತು ಕೊರೆದು ಸಣ್ಣ ರಬ್ಬರ್ ನಳಿಕೆ ಸಿಕ್ಕಿಸಿ, ಅಳತೆಯ ಜಾಡಿಗೆ ಬಿಡಿ. ಸುತ್ತ ಥರ್ಮಾಕೋಲ್ ಕಟ್ಟಿ. ಗೋಲಾ ಯಂತ್ರದಲ್ಲಿ ಹೆರೆದ ಐಸ್ ಪ್ರತಿ ಡಬ್ಬಿಗೆ ಒಂದು ಕಿಲೊ. ಪದರ ಹತ್ತು ಸೆಂಟಿಮೀಟರಿಗಿಂತ ತೆಳ್ಳಗಿದ್ದರೆ ಬೆಳಕು ತಳಕ್ಕೆ ತಲುಪಿ, ನೀವು ಡಬ್ಬಿಯ ಬಣ್ಣವನ್ನೇ ಅಳೆದಂತಾಗುತ್ತದೆ. ಮಸಿಗೆ ಗಾಜಿಲ್ಲದ ಸೀಮೆಎಣ್ಣೆ ಬುಡ್ಡಿಯ ಮೇಲೆ ಸ್ಟೀಲ್ ತಟ್ಟೆ ಹಿಡಿದು ಕಾಡಿಗೆ ಕೂಡಿಸಿ, ಅಕ್ಕಸಾಲಿಗರ ತಕ್ಕಡಿಯಲ್ಲಿ 100 ಮಿಲಿಗ್ರಾಂ ತೂಗಿಸಿ. ಅದನ್ನು ನೇರವಾಗಿ ನೀರಿಗೆ ಹಾಕಿದರೆ ಮೇಲೆ ತೇಲುತ್ತದೆ, ಬೆರೆಯುವುದಿಲ್ಲ. ಮೊದಲು ನಾಲ್ಕು ಹನಿ ಸ್ಪಿರಿಟ್‌ನಲ್ಲಿ ನೆನೆಸಿ, ಆಮೇಲೆ ಅಂಟುವಾಳದ ನೀರು ಸೇರಿಸಿದ 100 ಮಿಲಿಲೀಟರ್ ತಣ್ಣೀರಿಗೆ ಹಾಕಿ ಚೆನ್ನಾಗಿ ಕುಲುಕಿ. ಈಗ ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಮಸಿ ಇದೆ. ಒಂದು ಡಬ್ಬಿಗೆ ಇದರ ಒಂದು ಮಿಲಿಲೀಟರ್, ಅದು ಹತ್ತು ಲಕ್ಷಕ್ಕೆ ಒಂದು ಪಾಲಾಯಿತು. ಇನ್ನೊಂದಕ್ಕೆ ಹತ್ತು ಮಿಲಿಲೀಟರ್. ಮೂರನೆಯದಕ್ಕೆ ಮಸಿ ಇಲ್ಲ. ಆದರೆ ಮೂರಕ್ಕೂ ಸೇರುವ ಅಂಟುವಾಳದ ನೀರು ಒಟ್ಟು ಹತ್ತು ಮಿಲಿಲೀಟರೇ ಇರಬೇಕು, ಕಡಿಮೆ ಬಿದ್ದಷ್ಟನ್ನು ಮಸಿಯಿಲ್ಲದ ನೀರಿನಿಂದ ತುಂಬಿಸಿ. ಮೂರನ್ನೂ ಒಂದೇ ರೀತಿ ಕೈಯಾಡಿಸಿ.

ಕೆಡುವುದು ಎಲ್ಲಿ ಎಂದು ಹೇಳಿಬಿಡುತ್ತೇನೆ. ಏಪ್ರಿಲ್ ಮಧ್ಯಾಹ್ನ ಇಲ್ಲಿ ಮಾಡಿದರೆ ಮೂರೂ ಒಂದೇ ಸಮ ಕರಗುತ್ತವೆ. ಸುತ್ತಲಿನ ಬಿಸಿಗಾಳಿಯೇ ಅಷ್ಟು ಕರಗಿಸಿಬಿಡುತ್ತದೆ, ಬಿಸಿಲಿನ ಪಾಲು ಅದರಲ್ಲಿ ಮುಳುಗಿಹೋಗುತ್ತದೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ಹತ್ತರ ಹೊತ್ತಿಗೆ, ಗಾಳಿ ಇಲ್ಲದ ಕಡೆ, ನಿರ್ಮಲ ಆಕಾಶದಲ್ಲಿ ಮಾಡಿ. ನಿರೀಕ್ಷೆಯನ್ನೂ ಹದದಲ್ಲಿಡಿ. ಆ ಡಬ್ಬಿಯ ಬಾಯಿ ಚದರ ಮೀಟರಿನ ಐವತ್ತೇಳನೇ ಒಂದು ಪಾಲು. ಅದರ ಮೇಲೆ ಬೀಳುವ ಬಿಸಿಲೇ ಹೆಚ್ಚೆಂದರೆ 14 ವ್ಯಾಟ್‌ನಷ್ಟು. ಅದರಲ್ಲಿ ಎರಡು ವ್ಯಾಟ್ ಹೆಚ್ಚು ಹೀರಿದರೂ ಅರ್ಧ ಗಂಟೆಗೆ ಬರುವ ಹೆಚ್ಚುವರಿ ನೀರು ಹತ್ತು ಮಿಲಿಲೀಟರ್ ಚಿಲ್ಲರೆ. ಲೋಟದಲ್ಲಿ ಹಿಡಿದು ಕಣ್ಣಂದಾಜಿನಲ್ಲಿ ನೋಡಿದರೆ ಗೊತ್ತೇ ಆಗುವುದಿಲ್ಲ, ಮಿಲಿಲೀಟರ್ ಗೆರೆಯ ಜಾಡಿ ಬೇಕು. ಮೊದಲ ನೀರು ತಡವಾಗಿ ಬರುತ್ತದೆ, ಹೆರೆದ ಐಸ್ ಸ್ಪಂಜಿನಂತೆ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಹದಿನೈದು ನಿಮಿಷಕ್ಕೊಮ್ಮೆ ಬರೆದು, ಮೊದಲ ಓದನ್ನು ಬಿಡಿ. ಕೆಳಗೆ ಬರುವ ನೀರು ಕಪ್ಪಗಿರುವುದನ್ನು ಮಕ್ಕಳು ಗಮನಿಸುತ್ತಾರೆ. ಅದು ಅಂಟುವಾಳದ ಕೆಲಸ: ಮಸಿಯನ್ನು ನೀರಿಗೆ ಒಗ್ಗುವಂತೆ ನೀವೇ ಮಾಡಿದ್ದೀರಿ. ಕಾನ್ವೇ ತಂಡ ನೋಡಿದ ಎರಡು ಬಗೆಯ ಮಸಿಯ ಮಾತನ್ನು ಆಗ ಹೇಳಿದರೆ ತಲೆಗೆ ನೆಡುತ್ತದೆ.

ನಿಜವಾದ ಹಿಮದಲ್ಲಿ ಈ ಅಳತೆ ಇನ್ನೂ ನಾಜೂಕು. ಪ್ರತಿಫಲನ ಅಳೆಯಲು ಬಿಸಿಲಿನ ಶಕ್ತಿ ಅಳೆಯುವ ಎರಡು ಪೈರನೊಮೀಟರ್ ಬೇಕು, ಒಂದು ಆಕಾಶಕ್ಕೆ, ಇನ್ನೊಂದು ನೆಲಕ್ಕೆ ಮುಖ ಮಾಡಿ, ನೆಲದಿಂದ ಒಂದು, ಒಂದೂವರೆ ಮೀಟರ್ ಮೇಲೆ ಮಟ್ಟ ನೋಡಿ ಕಟ್ಟುತ್ತಾರೆ. ಇಳಿಜಾರಿನಲ್ಲಿ ಮಟ್ಟ ತಪ್ಪಿದರೆ ಮಸಿಯ ಪರಿಣಾಮಕ್ಕಿಂತ ದೊಡ್ಡ ತಪ್ಪು ಅಲ್ಲೇ ನುಸುಳುತ್ತದೆ. ಪಕ್ಕದಲ್ಲಿ ಕಪ್ಪು ಕೋಟು ತೊಟ್ಟವರು ನಿಂತರೂ ಕೆಳಮುಖದ ಓದು ಇಳಿಯುತ್ತದೆ. ಮೋಡ ಕವಿದರೆ ಪ್ರತಿಫಲನ ಏರಿದಂತೆ ಕಾಣುತ್ತದೆ, ಹಿಮ ಬೆಳ್ಳಗಾಗಿದ್ದರಿಂದಲ್ಲ. ಅವಗೆಂಪನ್ನು ಮೋಡವೇ ಹೀರಿ, ಕೆಳಗೆ ಕಾಣುವ ಬೆಳಕಿನ ಪಾಲು ಹೆಚ್ಚಾಗಿರುತ್ತದೆ.

ಮಸಿಯ ಪ್ರಮಾಣ ತಿಳಿಯಲು ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ, ಶಿಬಿರ ಮತ್ತು ಜನರೇಟರ್ ಹಿಂದೆ ಬೀಳುವಂತೆ ನಿಂತು, ಮೇಲ್ಪದರ ಮತ್ತು ಒಳಪದರದ ಹಿಮವನ್ನು ಬೇರೆ ಬೇರೆ ತುಂಬಿಕೊಳ್ಳುತ್ತಾರೆ. ಪ್ರಯೋಗಾಲಯದವರೆಗೆ ಅದು ಹೆಪ್ಪಾಗಿಯೇ ಬರಬೇಕು. ದಾರಿಯಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಮಸಿಕಣಗಳು ಗಂಟಾಗುತ್ತವೆ, ಪಾತ್ರೆಯ ಗೋಡೆಗೂ ಅಂಟುತ್ತವೆ. ಇದ್ದದ್ದಕ್ಕಿಂತ ಕಡಿಮೆ ಲೆಕ್ಕ ಸಿಗುತ್ತದೆ. ಅಲ್ಲಿ ಬೇಗ ಕರಗಿಸಿ, ತಕ್ಷಣ 0.4 ಮೈಕ್ರಾನ್ ರಂಧ್ರದ ಜಾಲರಿಯಲ್ಲಿ ಸೋಸಿ, ಜಾಲರಿ ಎಷ್ಟು ಕಪ್ಪಾಯಿತು ಎಂಬುದನ್ನು ಹಲವು ಬಣ್ಣದ ಬೆಳಕಿನಲ್ಲಿ ನೋಡುತ್ತಾರೆ. ಹಲವು ಬಣ್ಣ ಯಾಕೆಂದರೆ ಮಣ್ಣಿನ ದೂಳು ನೀಲಿಯನ್ನು ಹೆಚ್ಚು, ಕೆಂಪನ್ನು ಕಡಿಮೆ ಹೀರುತ್ತದೆ. ಮಸಿ ಎಲ್ಲವನ್ನೂ ಹೆಚ್ಚುಕಡಿಮೆ ಸಮನಾಗಿ. ಎರಡರ ಪಾಲು ಬೇರ್ಪಡುವುದು ಅಲ್ಲಿಯೇ. ದಕ್ಷಿಣ ಧ್ರುವದ ಹಿಮದಲ್ಲಿ, ಸಂಶೋಧನಾ ಕೇಂದ್ರಕ್ಕೆ ಗಾಳಿ ಬರುವ ಕಡೆ, ಸಿಕ್ಕ ಮಸಿ 0.1ರಿಂದ 0.3 ಪಿಪಿಬಿ. ಗಾಳಿ ಹೋಗುವ ಕಡೆ 3 ಪಿಪಿಬಿವರೆಗೆ. ಒಂದೇ ಕೇಂದ್ರದ ಹೊಗೆ ಲೋಕದ ಅತ್ಯಂತ ಶುದ್ಧ ಹಿಮವನ್ನು ಹತ್ತು ಪಟ್ಟು ಕೆಡಿಸಿತು. ಇನ್ನೊಂದು ತುದಿಯಲ್ಲಿ ಈಶಾನ್ಯ ಚೀನಾದ ಕೈಗಾರಿಕಾ ಪ್ರದೇಶದ ಹಿಮದಲ್ಲಿ 1,000 ಪಿಪಿಬಿ ದಾಟಿದ್ದೂ ಇದೆ.

ನಮ್ಮ ಹಿಮಾಲಯದ ಕಡೆ ಬಂದರೆ, ಗಂಗೋತ್ರಿ ಹಿಮನದಿಯ ಹತ್ತಿರದ ಚೀರಬಾಸಾದಲ್ಲಿ, 3,600 ಮೀಟರ್ ಎತ್ತರದಲ್ಲಿ, ಡೆಹ್ರಾಡೂನಿನ ವಾಡಿಯಾ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಗಾಳಿಯ ಮಸಿಯನ್ನು ಅಳೆದರು. ಘನ ಮೀಟರಿಗೆ 0.01ರಿಂದ 4.62 ಮೈಕ್ರೊಗ್ರಾಂ. ಆಗಸ್ಟಿನಲ್ಲಿ ಕನಿಷ್ಠ, ಮಳೆ ತೊಳೆದಿರುತ್ತದೆ. ಮೇ ತಿಂಗಳಲ್ಲಿ ಗರಿಷ್ಠ, ಕಾಡ್ಗಿಚ್ಚು ಮತ್ತು ಹೊಲದ ಕೂಳೆ ಸುಡುವ ಕಾಲ. ಹಗಲಲ್ಲಿ ಬಿಸಿಲೇರಿದಾಗ ಕಣಿವೆಯ ಗಾಳಿ ಮೇಲ್ಮುಖ ಬೀಸಿ ಬಯಲಿನ ಹೊಗೆಯನ್ನು ಹೊತ್ತೊಯ್ಯುತ್ತದೆ. ಆ ಮೇ ತಿಂಗಳೇ ಹಿಮ ಕರಗುವ ತಿಂಗಳು ಎಂಬುದನ್ನು ಗಮನಿಸಿ. ಒಂದು ಎಚ್ಚರಿಕೆ ಇದೆ: ಇದು ಗಾಳಿಯಲ್ಲಿದ್ದ ಮಸಿ, ಹಿಮದಲ್ಲಿದ್ದದ್ದಲ್ಲ. ಗಾಳಿಯ ಅಂಕಿಯನ್ನು ಹಿಮದ ಅಂಕಿಯೆಂದು ಬರೆದುಬಿಡುವುದನ್ನು ಪತ್ರಿಕೆಗಳಲ್ಲಿ ಕಾಣುತ್ತೇವೆ. ಎಷ್ಟು ಬಿತ್ತು, ಎಷ್ಟು ಉಳಿಯಿತು ಎಂಬುದು ಬೇರೆಯೇ ಅಳತೆ.

ಹಾಗೆಯೇ ಹಿಮನದಿಗಳು ಕುಗ್ಗುತ್ತಿರುವುದೆಲ್ಲ ಮಸಿಯಿಂದಲೇ ಎಂದು ಹೇಳುವುದೂ ತಪ್ಪು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿಯ ಪ್ರಕಾರ ಹಿಮ ಮತ್ತು ಮಂಜುಗಡ್ಡೆಯ ಮೇಲೆ ಬಿದ್ದ ಮಸಿಯಂಥ ಕಣಗಳಿಂದ ಭೂಮಿಗೆ ಸೇರುವ ಹೆಚ್ಚುವರಿ ಬಿಸಿ ಸರಾಸರಿ ಚದರ ಮೀಟರಿಗೆ 0.08 ವ್ಯಾಟ್, ಇಂಗಾಲದ ಡೈಆಕ್ಸೈಡಿನಿಂದ 2.16 ವ್ಯಾಟ್. ಆದರೆ 0.08 ಎಂಬುದು ಇಡೀ ಭೂಗೋಳಕ್ಕೆ ಹಂಚಿದ ಸರಾಸರಿ, ದಾವಣಗೆರೆಗೂ ಹಿಂದೂ ಮಹಾಸಾಗರಕ್ಕೂ ಸೇರಿಸಿ. ಹಿಮ ಇರುವಲ್ಲಿ, ಕರಗುವ ತಿಂಗಳಲ್ಲಿ, ಅದು ಹತ್ತಾರು ಪಟ್ಟು. ಗ್ರೀನ್‌ಲೆಂಡಿನ ಹಿಮಸ್ತರ ಕೊರೆದು ನೋಡಿದವರಿಗೆ ಅಲ್ಲಿ ಮಸಿ ಅತಿ ಹೆಚ್ಚು ಬಿದ್ದದ್ದು 1906ರಿಂದ 1910ರ ನಡುವೆ ಎಂದು ಕಂಡಿತು, ಕಲ್ಲಿದ್ದಲಿನ ಕಾಲ. ಆಗ ಬೇಸಿಗೆಯ ಶುರುವಿನಲ್ಲಿ ಆರ್ಕ್ಟಿಕ್ ಹಿಮಕ್ಕೆ ಅದರಿಂದ ಸೇರುತ್ತಿದ್ದ ಹೆಚ್ಚುವರಿ ಬಿಸಿ ಚದರ ಮೀಟರಿಗೆ ಸುಮಾರು 3 ವ್ಯಾಟ್ ಇತ್ತೆಂದು ಅಂದಾಜು. ಆಲ್ಪ್ಸ್ ಹಿಮನದಿಗಳು 19ನೇ ಶತಮಾನದಲ್ಲಿ ಹಿಂದೆ ಸರಿದದ್ದಕ್ಕೂ ಕೈಗಾರಿಕೆಯ ಮಸಿಯೇ ಕಾರಣ ಎಂದು 2013ರಲ್ಲಿ ಒಂದು ಪ್ರಬಂಧ ವಾದಿಸಿತು. 2018ರಲ್ಲಿ ಇನ್ನೊಂದು ತಂಡ ಹಿಮಸ್ತರದ ಕಾಲವನ್ನು ಇನ್ನೂ ನಿಖರವಾಗಿ ಎಣಿಸಿ, ಮಸಿ ಏರುವ ಹೊತ್ತಿಗೆ ಹಿಮನದಿಗಳು ಬಹುಪಾಲು ಸರಿದಾಗಿತ್ತು ಎಂದು ತೋರಿಸಿತು. ನನಗೆ ಎರಡನೆಯ ವಾದ ಹೆಚ್ಚು ಗಟ್ಟಿ ಎನಿಸುತ್ತದೆ. ಭೌತಶಾಸ್ತ್ರ ಸರಿಯಿದ್ದ ಮಾತ್ರಕ್ಕೆ ಇತಿಹಾಸವೂ ಹಾಗೆಯೇ ನಡೆದಿರಬೇಕೆಂದಿಲ್ಲ.

ಮಸಿಯ ಒಂದು ಗುಣ ನಮಗೆ ಅನುಕೂಲ. ಅದು ಗಾಳಿಯಲ್ಲಿ ಇರುವುದು ಸುಮಾರು ಒಂದು ವಾರ, ಆಮೇಲೆ ಮಳೆಯೋ ಹಿಮವೋ ಅದನ್ನು ಇಳಿಸುತ್ತದೆ. ಇಂಗಾಲದ ಡೈಆಕ್ಸೈಡ್ ಇವತ್ತು ನಿಂತರೂ ಶತಮಾನಗಟ್ಟಲೆ ಕಾಡುತ್ತದೆ. ಮಸಿ ನಿಂತರೆ ಮುಂದಿನ ವಾರದ ಗಾಳಿ ಶುದ್ಧ. ಆದ್ದರಿಂದ ಅದು ಹುಟ್ಟುವ ಜಾಗವನ್ನು ಚೆನ್ನಾಗಿ ನೋಡಬೇಕು. ಗಾಜಿಲ್ಲದ ಬುಡ್ಡಿ ಹೊಗೆಯಾಡುತ್ತದೆ, ಅದೇ ಸೀಮೆಎಣ್ಣೆ ಲಾಟೀನಿನ ಗಾಜಿನೊಳಗೆ ಶುಭ್ರವಾಗಿ ಉರಿಯುತ್ತದೆ. ಗಾಜು ಗಾಳಿಯನ್ನು ಕೆಳಗಿನಿಂದ ಎಳೆದು ಉರಿಗೆ ಒದಗಿಸುತ್ತದೆ, ಬಿಸಿಯನ್ನೂ ಕಾಪಾಡುತ್ತದೆ. ಉರಿಯ ಹಳದಿ ಬಣ್ಣವೇ ಕಾದು ಹೊಳೆಯುವ ಮಸಿಕಣಗಳದ್ದು. ಅವು ಉರಿಯ ತುದಿ ತಲುಪುವ ಮೊದಲು ಪೂರ್ತಿ ಸುಟ್ಟರೆ ಹೊಗೆ ಇಲ್ಲ. ಗಾಳಿ ಸಾಲದೆಯೋ ಉರಿ ತಣ್ಣಗಾಗಿಯೋ ಸುಡದೆ ಉಳಿದರೆ ಮಸಿ. ಒಲೆ, ಭಟ್ಟಿ, ಎಂಜಿನ್, ಎಲ್ಲೆಡೆ ಇದೇ ನಿಯಮ.

ಮಂಡಕ್ಕಿ ಭಟ್ಟಿಗಳಲ್ಲಿ ಹಿಂದೆ ಹಳೆಯ ಟೈರ್ ಸುಡುತ್ತಿದ್ದಾಗ ಏಳುತ್ತಿದ್ದ ಕಪ್ಪನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಟೈರಿನ ತೂಕದಲ್ಲಿ ಕಾಲುಭಾಗದಷ್ಟು ಕಾರ್ಖಾನೆಯಲ್ಲೇ ಬೆರೆಸಿದ ಮಸಿಪುಡಿ, ಉಳಿದ ರಬ್ಬರೂ ಮಸಿಯಾಗಲು ಕಾದು ಕುಳಿತ ವಸ್ತು. ಭತ್ತದ ಹೊಟ್ಟು ಅದಕ್ಕಿಂತ ಎಷ್ಟೋ ಮೇಲು, ಆದರೆ ಬುಟ್ಟಿಗಟ್ಟಲೆ ಒಮ್ಮೆಗೇ ಸುರಿದರೆ ಉರಿ ಉಸಿರುಗಟ್ಟಿ ಅದೂ ದಟ್ಟ ಹೊಗೆ ಕಾರುತ್ತದೆ. ಕೆಳಗಿನಿಂದ ಗಾಳಿ ಊದುತ್ತಾ ಸ್ವಲ್ಪ ಸ್ವಲ್ಪವೇ ಬೀಳುವಂತೆ ಮಾಡಿದರೆ ಅದೇ ಹೊಟ್ಟು ಶುಭ್ರವಾಗಿ ಉರಿಯುತ್ತದೆ, ಕಡಿಮೆ ಖರ್ಚಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಸುಧಾರಿತ ಸೌದೆ ಒಲೆಯಾದ ‘ಅಸ್ತ್ರ’ ಒಲೆಯ ತತ್ವವೂ ಗಾಳಿಯ ದಾರಿಯನ್ನು ಸರಿಪಡಿಸುವುದೇ ಆಗಿತ್ತು. ಬರೀ ಚಿಮಣಿ ಇಟ್ಟರೆ ಅಡುಗೆ ಮಾಡುವವರ ಶ್ವಾಸಕೋಶ ಉಳಿಯುತ್ತದೆ, ಅದು ದೊಡ್ಡ ವಿಷಯವೇ. ಆದರೆ ಉರಿ ಸುಧಾರಿಸದಿದ್ದರೆ ಮಸಿ ಮಾಳಿಗೆ ದಾಟಿ ಆಕಾಶಕ್ಕೆ ಹೋಗುತ್ತದೆ. ಇಟ್ಟಿಗೆ ಭಟ್ಟಿಗಳು ಇಟ್ಟಿಗೆಯನ್ನು ಅಂಕುಡೊಂಕಾಗಿ ಪೇರಿಸುವ ಜಿಗ್‌ಜಾಗ್‌ನಂಥ ವಿಧಾನಗಳಿಗೆ ಬದಲಾಗಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿದ್ದು ಇದೇ ಕಾರಣಕ್ಕೆ. ಗಾಳಿ ಸುತ್ತಿ ಸುತ್ತಿ ಹೋಗುವಾಗ ಕಲ್ಲಿದ್ದಲಿನ ಜೊತೆ ಚೆನ್ನಾಗಿ ಬೆರೆಯುತ್ತದೆ. ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದ ಪ್ರಕಾರ 2020ರ ಏಪ್ರಿಲ್ 1ರಿಂದ ಬಂದ ಡೀಸೆಲ್ ವಾಹನಗಳಲ್ಲಿ ಹೊಗೆಕೊಳವೆಗೇ ಮಸಿ ಸೋಸುವ ಜಾಲರಿ ಇದೆ. ಅದು ತುಂಬಿದಾಗ ತಾನೇ ಸುಟ್ಟು ಶುದ್ಧವಾಗಬೇಕಾದರೆ ಗಾಡಿ ಒಂದಿಷ್ಟು ದೂರ ಬಿಡುವಿಲ್ಲದೆ ಓಡಬೇಕು. ಪೇಟೆಯೊಳಗೇ ನಿಂತು ನಿಂತು ಓಡುವ ಗಾಡಿಗಳಲ್ಲಿ ಅದು ಕಟ್ಟಿಕೊಳ್ಳುತ್ತದೆ, ಆಗ ಜಾಲರಿಯನ್ನೇ ಕಿತ್ತುಹಾಕಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ತುಂಗಭದ್ರೆ, ವೇದಾವತಿಗಳಿಗೆ ಹಿಮದ ನೀರಿಲ್ಲ, ನಮಗೇಕೆ ಈ ಚಿಂತೆ ಎಂಬ ಪ್ರಶ್ನೆ ಬಂದಿದೆ. ನಿಜ, ಇವು ಮಳೆಯ ನದಿಗಳು. ನಮ್ಮ ಮಸಿಯ ಮೊದಲ ಬಲಿ ನಮ್ಮದೇ ಎದೆಗೂಡು, ಅದೊಂದೇ ಸಾಕಾದ ಕಾರಣ. ಬಿಳುಪು ಹೋಗುವ ನಷ್ಟವನ್ನೂ ನೀವು ಇಲ್ಲೇ ಕಾಣಬಹುದು. ಬೇಸಿಗೆಗೆಂದು ಮಾಳಿಗೆಗೆ ಬಳಿದ ಬಿಳಿ ಲೇಪ ಹೊಸದರಲ್ಲಿ 0.8ರಷ್ಟು ಬಿಸಿಲನ್ನು ತಿರುಗಿಸುತ್ತದೆ, ದೂಳು ಮಸಿ ಕೂತು ಕೆಲವೇ ವರ್ಷಗಳಲ್ಲಿ 0.6ರ ಹತ್ತಿರ ಇಳಿಯುತ್ತದೆ. ಈಗಾಗಲೇ ಮಾಡಿದ ಲೆಕ್ಕವನ್ನೇ ಹಾಕಿ: ಉಳಿಯುವ ಬಿಸಿ 20ರಿಂದ 40, ಎರಡು ಪಟ್ಟು. ಮಾಳಿಗೆಯನ್ನಾದರೆ ಫೆಬ್ರುವರಿಯಲ್ಲಿ ಒಮ್ಮೆ ಪೊರಕೆ, ನೀರು ಹಿಡಿದು ತೊಳೆಯಬಹುದು.

ಹಿಮವನ್ನು ತೊಳೆಯಲಾಗದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಅದನ್ನು ತೊಳೆಯುವುದು ಹೊಸ ಹಿಮವೊಂದೇ, ಅದೂ ತೊಳೆಯುವುದಿಲ್ಲ, ಮುಚ್ಚುತ್ತದೆ. ಹತ್ತಿಪ್ಪತ್ತು ಸೆಂಟಿಮೀಟರ್ ಹೊಸ ಹಿಮ ಬಿದ್ದರೆ ಕೆಳಗಿನ ಮಸಿಗೆ ಬೆಳಕು ಹೆಚ್ಚು ತಲುಪುವುದಿಲ್ಲ, ಪ್ರತಿಫಲನ ಮತ್ತೆ ಏರುತ್ತದೆ. ಆ ಹೊದಿಕೆ ಕರಗಿದ ದಿನ ಹಳೆಯ ಮಸಿ ಅದೇ ಜಾಗದಲ್ಲಿ ಮತ್ತೆ ಬಿಸಿಲಿಗೆ ಬರುತ್ತದೆ, ಹೊಸ ಹಿಮದ ಜೊತೆ ಬಂದ ಮಸಿಯನ್ನೂ ಸೇರಿಸಿಕೊಂಡು. ಹಿಮನದಿಯ ಮೇಲ್ಭಾಗದಲ್ಲಿ ವರ್ಷಕ್ಕೊಂದು ಪದರದಂತೆ ಹೂತುಹೋದ ಮಸಿ ಮಂಜುಗಡ್ಡೆಯ ಜೊತೆ ನಿಧಾನವಾಗಿ ಕೆಳಕ್ಕೆ ಸರಿಯುತ್ತದೆ. ಕೆಳತುದಿಯಲ್ಲಿ ಗಡ್ಡೆ ಕರಗಿದಂತೆ ಎಷ್ಟೋ ದಶಕಗಳ ಹಿಂದಿನ ಒಲೆಗಳ ಮಸಿ ಈ ವರ್ಷದ್ದರ ಪಕ್ಕದಲ್ಲೇ ಮೇಲೆದ್ದು ಕೂರುತ್ತದೆ.